ಸಿವುಡು ನಂಬರ್ ಹದಿನೇಳು

ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ ಬೆಳಗಿನ ಐದೂವರೆಗೆ
ಗಿರಾಕಿಯ ಹಾಗೆ ನಿಲ್ಲಬೇಕು, ಆರಿಸಬಾರದು.
"ಕೈಗೆ ಬಂದದ್ದು ಎತ್ಕೋ, ಚಂದದ್ದು ನೋಡಬ್ಯಾಡ"
ಅಂದಿದ್ದರು ತಬಸ್ಸುಮ್ ಮೇಡಂ.
ಹತ್ತು ವರ್ಷ ಚೌಕಾಶಿ ಮಾಡಿದ ಕೈಗೆ
ಇದೇ ಕಷ್ಟದ ಕೆಲಸ.

ರಾಜಗಿರಿ ಬೇಡ, ಅದು ಕುದಿಯುತ್ತದೆ.
ನಮಗೆ ಬೇಕಾದದ್ದು ಬೆಂಕಿ ಕಾಣದೆ ಬಾಯಿಗೆ ಹೋಗುವಂಥದು:
ಹಕ್ಕರಕಿ, ಹಸಿ ಮೆಂತ್ಯ, ಮೂಲಂಗಿ ಎಲೆ, ಉಳ್ಳಾಗಡ್ಡಿ ತಪ್ಪಲು,
ರೊಟ್ಟಿಯ ಮಗ್ಗುಲಿಗೆ ಕೂತು
ಶೇಂಗಾ ಹಿಂಡಿಯ ಖಾರ ಇಳಿಸುವ ಹಸಿರು.

ಜಗದೇವಿ ಹಿತ್ತಾಳೆ ತಂಬಿಗೆಯಿಂದ ನೀರು ಚಿಮುಕಿಸುತ್ತಾಳೆ,
ಮಲಗಿದ ಮಗುವನ್ನು ಸಾಲಿಗೆ ಎಬ್ಬಿಸುವ ಹಾಗೆ.
ಇಲ್ಲದಿದ್ದರೆ ಎಂಟು ಗಂಟೆಯ ಬಿಸಿಲು
ಸಿವುಡಿನ ಕುತ್ತಿಗೆ ಮುರಿಯುತ್ತದೆ.
"ಎಲ್ಲಿಯ ನೀರು ಅಕ್ಕಾ?"
"ನೀರಿಗೇನು ಅಡ್ಡಹೆಸರು ಇರ್ತಾವೇನು ತಂಗಿ?"

ಲ್ಯಾಬಿನಲ್ಲಿ ಸಿವುಡಿಗೂ ಹೆಸರಿಲ್ಲ.
ಪ್ಲಾಸ್ಟಿಕ್ ಚೀಲ, ಮಾರ್ಕರ್ ಪೆನ್ನು, ಹದಿನೇಳು.
ನೂರು ಗ್ರಾಂ ತೂಗಿ, ಸಲೈನಿನಲ್ಲಿ ಮುಳುಗಿಸಿ, ಅಲುಗಾಡಿಸಿ
ಎಲೆ ತೆಗೆದು ನೀರನ್ನು ಇಟ್ಟುಕೊಳ್ಳುತ್ತೇವೆ.
ಮನೆಯಲ್ಲಿ ಚೆಲ್ಲುವುದು ಇಲ್ಲಿ ಜೋಪಾನ.
ಮನೆಯಲ್ಲಿ ತಿನ್ನುವುದನ್ನು ಲಾಲಸಾಬ ಬಕೆಟ್ಟಿಗೆ ಸುರಿಯುತ್ತಾನೆ,
"ಇಷ್ಟು ಚಲೋ ಮೆಂತ್ಯ, ಎಮ್ಮಿಗಾದ್ರೂ ಹಾಕಬಾರದೇನ್ರಿ"
ಎಂದು ದಿನಾ ಗೊಣಗುತ್ತ.

ರಾತ್ರಿಯೆಲ್ಲ ಬೀಕರಿನ ತಳಕ್ಕೆ ಇಳಿಯುತ್ತದೆ ಎರೆಮಣ್ಣು,
ಯಾರದೋ ಹೊಲದ ಒಂದು ಚಿಟಿಕೆ.
ಮರುದಿನ ಸೆಂಟ್ರಿಫ್ಯೂಜ್ ಗಿರ್ರೆಂದು ತಿರುಗಿ ನಿಂತ ಮೇಲೆ
ಅದರದೊಂದು ಹನಿ, ಅಯೋಡಿನ್ನಿನದೊಂದು ಹನಿ,
ಮೇಲೆ ಗಾಜಿನ ತೆಳು ಮುಚ್ಚಳ.

ಮೊದಲು ಕಾಣುವುದು ಹುಳವಲ್ಲ, ಮೋಸ:
ಪರಾಗದ ಕಣ, ಗಾಳಿಗುಳ್ಳೆ, ಸೀರೆಯ ನೂಲು,
ಎಲೆಯದೇ ರೋಮ.
ಮೊದಲ ವಾರ ಒಂದು ಗುಳ್ಳೆಯನ್ನು ನಾನು ಸಿಸ್ಟ್ ಎಂದು ಬರೆದೆ.
ಮೇಡಂ ಅದನ್ನು ಕೆಂಪು ಪೆನ್ನಿನಿಂದ ಒಡೆದರು.
ಆಮೇಲೆ, ಅಂಚಿನಲ್ಲಿ, ಕಂದು ಬಣ್ಣದ ಗುಂಡು,
ಸುತ್ತ ಗಂಟುಗಂಟಾದ ಸಿಪ್ಪೆ,
ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗೆ.
ಜಂತುಹುಳದ ಮೊಟ್ಟೆ.
ಏನೂ ಮಾಡುತ್ತಿಲ್ಲ. ಕಾಯುತ್ತಿದೆ, ಅಷ್ಟೆ.
ಇಷ್ಟು ತಾಳ್ಮೆ ಆಸ್ಪತ್ರೆಯ ಚೀಟಿ ಸಾಲಿನಲ್ಲೂ ನಾನು ಕಂಡಿಲ್ಲ.

ನಲವತ್ತು ಸಿವುಡು, ಹನ್ನೊಂದರಲ್ಲಿ ಏನಾದರೊಂದು.
ಹದಿನೇಳರಲ್ಲಿ ಎರಡು.
ಹೋಲಿಕೆಗೆ ತೊಳೆದದ್ದೂ ಒಂದು ಬೇಕಿತ್ತು.
ನಮ್ಮ ಮನೆಯದೇ ತರ್ತೀನಿ ಎಂದೆ,
ಮೂರು ನೀರಿನಲ್ಲಿ ನಮ್ಮತ್ತೆ ಜಾಲಿಸಿದ ಹಕ್ಕರಕಿ.
ಅದನ್ನು ಕಡೆಗೆ ನೋಡಿದೆ,
ಹೊರಗೆ ಮೇಜಿನ ಮೇಲೆ ಊಟದ ಡಬ್ಬಿ ಕಾಯುತ್ತಿರುವಾಗ.

ಇತ್ತು.
ಒಂದೇ ಒಂದು. ನಟ್ಟನಡುವೆ, ನಾಚಿಕೆಯಿಲ್ಲದೆ.

ಡಬ್ಬಿಯಲ್ಲಿ ಮಡಚಿದ ರೊಟ್ಟಿ, ಮಡಿಕೆಯೊಳಗೆ ಅದೇ ಹಕ್ಕರಕಿ.
ಎಪ್ಪತ್ತು ವರ್ಷ ತಿಂದೀನಿ, ನನಗೇನಾಗ್ಯದ,
ಅನ್ನುತ್ತಾರೆ ನಮ್ಮತ್ತೆ, ಅಂದು ಹೊಟ್ಟೆ ಹಿಡಿದುಕೊಳ್ಳುತ್ತಾರೆ.
ರೊಟ್ಟಿ ತಿಂದೆ. ಸೊಪ್ಪನ್ನು ಬದಿಗಿಟ್ಟೆ.
ಅದನ್ನು ಬಿಸಾಡಲೂ ಆಗಲಿಲ್ಲ.

ಸೋಮವಾರ ಜಗದೇವಿ ಕೇಳಿದಳು,
"ಏನ್ ಸಿಕ್ಕಿತು, ನಮ್ಮ ತಪ್ಪಲದಾಗ?"
ಹದಿನೇಳು ಎಂಬುದು ಗಂಟಲವರೆಗೆ ಬಂತು.
"ನಮ್ಮ ಮನೀದ್ರಾಗೂ ಸಿಕ್ಕದ ಅಕ್ಕಾ" ಅಂದೆ.
ಆ "ಊ" ಅವಳಿಗೆ ತಿಳಿಯಿತು.
ಸ್ವಲ್ಪ ಹೊತ್ತು ಸಿವುಡು ಕಟ್ಟುತ್ತ ಸುಮ್ಮನಿದ್ದು
"ಹಂಗಾರ ಬೀಗರಾದ್ವಿ ನಾವು" ಎಂದು ನಕ್ಕಳು.

ನಗು ಮುಗಿಯುವ ಮೊದಲೇ ಚಿಮುಕಿಸಲು ಎತ್ತಿದ ಕೈ ನಿಂತಿತು.
ತಂಬಿಗೆಯೊಳಗೆ ಇಣುಕಿದಳು. ನಾನೂ ಬಗ್ಗಿದೆ.
ಹಿತ್ತಾಳೆಯ ತಳದಲ್ಲಿ ಎರಡು ಮುಖ, ಅಷ್ಟೆ, ಸ್ವಚ್ಛ ನೀರು.
"ತಗೋ, ಇದನ್ನೂ ನೋಡು" ಎಂದು ಮುಂದೆ ಹಿಡಿದಳು.

ಶೀಶೆ ತಂದಿರಲಿಲ್ಲ.
ಚೀಲದಲ್ಲಿದ್ದ ಊಟದ ಡಬ್ಬಿಯ
ಮುಚ್ಚಳ ತೆಗೆದು ಒಡ್ಡಿದೆ.