ಜಿಪ್ಪು

ಆ ಬುಧವಾರ ಕಳೆದ ಮೇಲೆ
ಹೆಡ್‌ಮಾಸ್ತರು ಕರೆದು ಹೇಳಿದರು:
ಒಂಬತ್ತಕ್ಕೆ ಗೇಟಿನಲ್ಲಿ ನಿಂತುಕೊಳ್ಳಿ, ಬ್ಯಾಗು ನೋಡಿ ಒಳಗೆ ಬಿಡಿ.
ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣಲ್ಲವೇ ನಿಮ್ಮದು?

ಬಿಸಿಯೂಟದ ಅಡುಗೆಯವಳು ನಾನು.
ಸಾರು ಬಡಿಸುವ ಕೈಗೆ ಮಕ್ಕಳು ಹೆದರುವುದಿಲ್ಲ.
ಹೂಂ ಅಂದೆ.

ಅರಸೀಕೆರೆಯಲ್ಲಿ ಮಚ್ಚು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ.
ಮನೆಮನೆಯಲ್ಲೂ ಇದೆ, ಕಾಯಿ ಕೆತ್ತಲು, ಕೊಬ್ಬರಿ ಒಡೆಯಲು.
ಅದು ಆಟದ ಟೀಶರ್ಟು ಸುತ್ತಿಕೊಂಡು
ಸಮಾಜ ಪುಸ್ತಕಕ್ಕೂ ಊಟದ ತಟ್ಟೆಗೂ ನಡುವೆ ಕೂತು
ಒಂಬತ್ತನೇ 'ಬಿ'ಗೆ ಬಂದಿತ್ತು.
ಹೇಮಂತನ ತೋಳಿಗೆ ಹತ್ತೊಂಬತ್ತು ಹೊಲಿಗೆ.
ಹೊಡೆದವನಿಗೆ ಹಿಂದಿನ ದಿನ ನಾನೇ ಎರಡನೇ ಸಲ ಅನ್ನ ಹಾಕಿದ್ದೆ.
ಸಾಕಾ ಅಂದಿದ್ದಕ್ಕೆ ಸಾಕು ಅಂದಿದ್ದ.
ಅಷ್ಟೆ.

ಮೊದಲ ದಿನ ನೂರಾ ಎಂಬತ್ತು ಜಿಪ್ಪು.
ಏನೆಲ್ಲ ಇರುತ್ತದೆ ಅಂತೀರಿ!
ಪೇಪರು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ಕು ಸುತ್ತಿ,
ಅದರ ಮೇಲೆ ನಾಚಿಕೆ ಸುತ್ತಿದ ಪ್ಯಾಡು.
ಅಪ್ಪನ ಸಹಿ ಹದಿನೇಳು ಸಲ ತಿದ್ದಿದ ಹಾಳೆ,
ಕೊನೆಯದು ಅಪ್ಪನದಕ್ಕಿಂತ ಚೆನ್ನಾಗಿದೆ.
ರೈಲಿನ ಚಕ್ರಕ್ಕೆ ಕೊಟ್ಟು ಚಪ್ಪಟೆ ಮಾಡಿದ ಎರಡು ರೂಪಾಯಿ.
ಜಾಮಿಟ್ರಿ ಬಾಕ್ಸಿನ ತಳದಲ್ಲಿ
ತೀರಿಕೊಂಡ ಅಮ್ಮನ ವೋಟರ್ ಕಾರ್ಡು.
ಗಡ್ಡ ಬಾರದವನ ಹತ್ತಿರ ಬ್ಲೇಡು.
ಅದೊಂದನ್ನು ತೆಗೆದಿಟ್ಟುಕೊಂಡೆ,
ಅವನು ಕಿವಿಯವರೆಗೆ ಕೆಂಪಾದ.

ನೋಡಿಯೂ ನೋಡದ ಮುಖ ಮಾಡುವುದನ್ನು ಎರಡೇ ದಿನದಲ್ಲಿ ಕಲಿತೆ.
ಊರಿನ ಮಕ್ಕಳದ್ದೆಲ್ಲ ಈಗ ನನಗೆ ಗೊತ್ತು.

ನನ್ನವನು, ಲಿಖಿತ, ಅದೇ 'ಬಿ'.
ಶಾಲೆಯಲ್ಲಿ ನನ್ನನ್ನು ಎಲ್ಲರ ಹಾಗೆ ಅಕ್ಕ ಅನ್ನುತ್ತಾನೆ.
ಒಂದೇ ಕೋಣೆಯ ಮನೆ ನಮ್ಮದು.
ಅವನದು ಅಂತ ಮುಚ್ಚಿಕೊಳ್ಳಲು ಇರುವುದು ಆ ಜಿಪ್ಪು ಒಂದೇ.
ಮೂರು ದಿನ ಅವನನ್ನು ಪಿ.ಟಿ. ಮೇಷ್ಟ್ರ ಸಾಲಿಗೆ ಕಳಿಸಿದೆ.

ನಾಗವೇಣಿ, ಹೊಡೆದವನ ತಾಯಿ,
ಕೊಬ್ಬರಿ ಮಂಡಿಯಲ್ಲಿ ನನ್ನ ಜೊತೆ ಚಿಪ್ಪು ಆರಿಸಿದವಳು,
ರೇಷನ್ ಸಾಲಿನಲ್ಲಿ ಸಿಕ್ಕಳು.
ಅವಳ ಹಿಂದೆ ಮುಂದೆ ಜನ ಜಾಗ ಬಿಟ್ಟು ನಿಂತಿದ್ದರು.
'ಅವನ ಹಾಸಿಗೆ ದಿನಾ ನಾನೇ ಮಡಿಸ್ತಿದ್ದೆ ಕಣೆ' ಅಂದಳು.
ಮತ್ತೇನೂ ಹೇಳಲಿಲ್ಲ.
ಹೆಬ್ಬೆಟ್ಟು ಒತ್ತಿದರೆ
ಯಂತ್ರ ಅವಳನ್ನು ಗುರುತು ಹಿಡಿಯಲಿಲ್ಲ, ಮೂರು ಸಲ.

ಶುಕ್ರವಾರ ಮೇಷ್ಟ್ರು ರಜೆ.
ಲಿಖಿತ ನನ್ನ ಮುಂದೆ ನಿಂತ, ತಾನೇ ಜಿಪ್ಪು ಎಳೆದ,
ಮುಖ ಹಳಿಗಳ ಕಡೆ ತಿರುಗಿಸಿದ.
ಗೂಡ್ಸು ಹೋಗುತ್ತಿತ್ತು.
ಬೋಗಿ ಎಣಿಸುತ್ತಿದ್ದನೋ ಏನೋ, ಚಿಕ್ಕವನಿದ್ದಾಗ ಎಣಿಸುತ್ತಿದ್ದ.
ಕೈ ಹಾಕಿದೆ.
ಪುಸ್ತಕ. ತಟ್ಟೆ. ಇನ್ನೊಂದು ಪುಸ್ತಕ.
ತಳದಲ್ಲಿ ರಬ್ಬರ್ ಬ್ಯಾಂಡು ಬಿಗಿದ ನೋಟ್‌ಬುಕ್ಕು,
ನಾನು ಕೊಡಿಸಿದ್ದಲ್ಲ,
ಬಹಳ ಸಲ ತೆರೆದು ಅಂಚು ಮೆತ್ತಗಾದದ್ದು.
ಹರಿತವಾದದ್ದು ಏನೂ ಇಲ್ಲ ಅಂತ ಕೈ ಹೇಳಿತು.
ಕೈಗೆ ಏನು ಗೊತ್ತು?
ಹಾಸಿಗೆ ಮಡಿಸಿದ್ದೂ ಕೈಯೇ ಅಲ್ಲವೇ.

ಹಿಂದೆ ಇನ್ನೂ ನಲವತ್ತು ಮಕ್ಕಳು.
ಬೆರಳು ಬ್ಯಾಂಡನ್ನು ಒಂದಿಷ್ಟು ಎಳೆಯಿತು,
ಬಿಟ್ಟಿತು.
ಟಪ್ ಅಂದದ್ದು ಅವನಿಗೂ ಕೇಳಿತು.
'ಹೋಗು' ಅಂದೆ.
ಜಿಪ್ಪು ಹಾಕದೆಯೇ ಹೋದ.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದೆ,
ಹೇಮಂತ ನಿನ್ನ ಪಕ್ಕ ಕೂರುತ್ತಿದ್ದನಲ್ವೇನೋ.
ಉತ್ತರ ಬರಲಿಲ್ಲ.
ಒಂದು ರೈಲು ಬಂತು, ನಿಂತಿತು, ಹೋಯಿತು.
'ಹಿಂದಿನ ಬೆಂಚು' ಅಂದ.

ಎದ್ದು ಕೂರಲಿಲ್ಲ ನಾನು. ದೀಪ ಹಾಕಲಿಲ್ಲ.
ಹೂಂ ಅಂದೆ.

'ಬ್ಯಾಗಲ್ಲಿ ಅದು ಇದ್ದಿದ್ದು ಬೆಳಗ್ಗೇನೇ ನೋಡಿದ್ದೆ, ಅಮ್ಮಾ.'

ಹೂಂ,
ಅಂದೆ,
ಉಸಿರಿನ ಸದ್ದೂ ಆಗದ ಹಾಗೆ.