ಹುಟ್ಟುನಂಬರು

ಮನ್ಸಿ ಊರಾಚೆ, ಜೋಳದ ಹೊಲಕ್ಕಂಟಿದ ತಗಡಿನ ಶೆಡ್ಡು.
ಸ್ಟ್ರಿಕರ್ ಅಣ್ಣತಮ್ಮಂದಿರು ಪಾಲಾಗಬೇಕು.
ಬೆಲೆ ಕಟ್ಟಲು ನಾನು:
ಟಾರ್ಚು, ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ,
ಮೊಣಕಾಲಡಿಗೆ ಒಂದು ರಟ್ಟು.

ಎರಡೂ ಎಪ್ಪತ್ತನೇ ಇಸವಿಯವು.
ಡೆಲ್ಮರನ ಜಿಟಿಓ, ಕಿತ್ತಳೆ ಬಣ್ಣ,
ಹನ್ನೊಂದು ಸಾವಿರ ಮೈಲಿ, ಅದೂ ಹೆಚ್ಚಿನಂಶ ಚರ್ಚಿಗೆ.
ಹಿಂದಿನ ಸೀಟಿನಲ್ಲಿ ಯಾರೂ ಕೂತಂತಿಲ್ಲ.

ಲೀಲಂಡನ ಶೆವೆಲ್ ಹಾಗಲ್ಲ.
ಕಾಲು ಮೈಲಿಗೆ ಹದಿಮೂರು ಸೆಕೆಂಡು,
ಎಪ್ಪತ್ನಾಲ್ಕರ ಆಗಸ್ಟಿನಲ್ಲೊಂದು ರಾತ್ರಿ
ಇಂಜಿನ್ನಿನ ಪಕ್ಕೆ ಸೀಳಿ ರಾಡು ಹೊರಬಿತ್ತಂತೆ.
"ಆದರೂ ಗೆದ್ದೆ," ಅಂದ ಲೀಲಂಡ್,
"ಉರುಳಿಕೊಂಡೇ ಗೆರೆ ದಾಟಿದೆ."

ಈಗಿರುವುದು ಬೇರೆ ಇಂಜಿನ್ನು. ಹಳೆಯದಕ್ಕಿಂತ ಜೋರು.
ಗ್ರೀಸು ಒರೆಸಿ, ಕನ್ನಡಿ ಓರೆ ಹಿಡಿದು ಓದಿದೆ:
ನಂಬರು ಕೂಡುವುದಿಲ್ಲ.
ಕೂಡಿದ್ದರೆ ಅಣ್ಣನದ್ದನ್ನು ಮೀರಿಸುತ್ತಿತ್ತು.
ನನ್ನ ಕಸುಬಿನ ನ್ಯಾಯ ಅಷ್ಟೇ,
ಹುಟ್ಟಿದ ಗುಂಡಿಗೆಯಲ್ಲೇ ಮಲಗಿದ್ದಕ್ಕೆ ಲಕ್ಷದ ಹತ್ತು ಸಾವಿರ ಡಾಲರು,
ಗುಂಡಿಗೆ ಒಡೆದುಕೊಂಡು ಓಡಿದ್ದಕ್ಕೆ ಅದರರ್ಧ.

ಬರೆದುಕೊಟ್ಟೆ.
ಲೀಲಂಡ್ ಕಾಗದ ಮಡಚಿ ಟೋಪಿಯೊಳಗಿಟ್ಟ.
ಡೆಲ್ಮರ್ ತನ್ನ ಅಂಕಿಯನ್ನು ಎರಡು ಸಲ ಓದಿ,
ಗಂಟಲು ಸರಿಮಾಡಿಕೊಂಡು
ತಮ್ಮನ ಮುಂದೆ ಕೈ ಚಾಚಿದ:
"ನಿನ್ನ ಕೀಲಿ ಕೊಡು, ಒಂದು ಸುತ್ತು."

ಐವತ್ತು ವರ್ಷದಲ್ಲಿ ಕೇಳಿರಲಿಲ್ಲವಂತೆ.

ಇದೇ ಊರಲ್ಲಿ ಎರಕವಾದ ಗೇರುಬಾಕ್ಸು
ಅವನ ಕೈಗೆ ಬಗ್ಗಲಿಲ್ಲ. ಎರಡು ಸಲ ನಿಂತುಹೋಯಿತು.
ಮೂರನೆಯ ಸಲ
ತಗಡೆಲ್ಲ ಗದಗುಟ್ಟಿ, ನನ್ನ ಕನ್ನಡಿ ಮೇಜಿನಿಂದ ಜಾರಿತು.
ಹೆಕ್ಕಿಕೊಳ್ಳಲು ನಾನು ಬಗ್ಗಲಿಲ್ಲ.
ಬಾಗಿಲಾಚೆ, ಜೋಳದ ಗರಿಗಳ ಮೇಲೆ
ದೂಳು ಇನ್ನೂ ಇಳಿಯುತ್ತಿತ್ತು.