ಗಾಣ ನಿಂತ ದಿನ

ಸೋಮವಾರ ನಮ್ಮ ಗಾಣ ತಿರುಗುತ್ತಿರಲಿಲ್ಲ.
ಗುತ್ತಲು ರಸ್ತೆಯ ಆ ಕೊಟ್ಟಿಗೆಯಲ್ಲಿ
ತಾತ ಕೆಂಚಶೆಟ್ಟರು ಎತ್ತಿನ ಕಣ್ಣುಪಟ್ಟಿ ಬಿಚ್ಚಿ
ಗೂಟಕ್ಕೆ ನೇತುಹಾಕುತ್ತಿದ್ದರು.
ಎಣ್ಣೆಗೆ ಬಂದವರು ಬರಿ ಕುಡಿಕೆ ಹಿಡಿದು ವಾಪಸು.
‘ಯಾಕೆ ತಾತ?’ ಅಂದರೆ
‘ಅದಕ್ಕೂ ಒಂದಿನ ಅಂತ ಬೇಡ್ವಾ ಮಗ.’
ಅಷ್ಟೇ. ಶಾಸ್ತ್ರ ಹೇಳಲಿಲ್ಲ.

ಮೂವತ್ತು ವರ್ಷದ ಮೇಲೆ ಮಂಡ್ಯದಲ್ಲಿ ಬಸ್ಸು ಹತ್ತಿ
ಮೊದಲು ಹೋದದ್ದು ಕೊಚ್ಚಿಗೆ.
ನೀಲಿ ಚಿತ್ರದ ಹಾಸುಬಿಲ್ಲೆ, ತೂಗುವ ಗಾಜಿನ ದೀಪ.
ಟಿಕೆಟ್ ಹರಿದುಕೊಟ್ಟವನು
‘ಪ್ರಾರ್ಥನೆಗೆ ಹತ್ತು ಜನ ಬೇಕು,
ಇಲ್ಲಿ ಎಣಿಸಲು ಬೆರಳೇ ಜಾಸ್ತಿ’ ಅಂದ.
ಚಪ್ಪಲಿ ಮೆಟ್ಟಿ ಹೊರಬಂದೆ.
ಚೇಂದಮಂಗಲದ ಗೋರಿಕಲ್ಲಿನಲ್ಲಿ ನನಗೆ ಬಾರದ ಅಕ್ಷರ,
ಬೆರಳಾಡಿಸಿದೆ, ಬಲದಿಂದ ಎಡಕ್ಕೆ.
ನಮ್ಮ ಎತ್ತು ಸುತ್ತುತ್ತಿದ್ದುದೂ ಹೀಗೇ ಅನ್ನಿಸಿತು,
ಸುಳ್ಳಿರಬಹುದು.

ಆಮೇಲೆ ಕೊಂಕಣ. ರೇವದಂಡದಲ್ಲಿ
ಮಿಲ್ಕಾಬಾಯಿ ರೋಹೆಕರ್ ಬಾಗಿಲು ತೆರೆದು
ಮೊದಲು ಕೇಳಿದ್ದು ಊಟ ಆಯ್ತಾ ಅಂತ,
ಅರ್ಧ ಮರಾಠಿ, ಅರ್ಧ ಕೈಸನ್ನೆ.
ಹಿತ್ತಿಲಲ್ಲಿ ಗೆದ್ದಲು ಹತ್ತಿದ ಮರದ ಒರಳು.
‘ನಮ್ಮನ್ನು ಶನಿವಾರದ ತೇಲಿ ಅಂತಿದ್ದರು,
ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೆ.
ಮನೆಯವರಿಗೆಷ್ಟೋ ಎತ್ತಿಗೂ ಅಷ್ಟೇ ಬಿಡುವು. ದೇವರ ಮಾತು.’
ನಾನು ಆ ಒರಳಿನ ಅಂಚಿಗೇ ಕೂತುಬಿಟ್ಟೆ.
ಅವಳು ಗಾಬರಿಯಾಗಿ ನೀರು ತಂದಳು.
ಚೀಲದಲ್ಲಿದ್ದ ಮಂಡ್ಯದ ಅಚ್ಚುಬೆಲ್ಲ ಅವತ್ತೇ
ಪ್ರವಾದಿ ಎಲಿಯಾಹುವಿನ ಮಲೀದೆಗೆ ಬಿತ್ತು,
ಅವಲಕ್ಕಿ, ಕಾಯಿತುರಿ, ಏಲಕ್ಕಿ ಜತೆಗೆ.

ಮೂರು ಸಲ ಬೇಡ ಅಂದರು ಹಿರಿಯರು. ಅದು ಪದ್ಧತಿಯಂತೆ.
ನಾಲ್ಕನೆಯ ಸಲ ಕಾಗದ ಬಂತು: ಜೀವದ ನೀರಾಗಬೇಕು.
ನಾಲೆಯ ನೀರು ನಡೆಯುತ್ತದಾ, ಫೋನು ಮಾಡಿದೆ.
ಒಂದು ವಾರ ಪುಸ್ತಕ ತಿರುವಿ
‘ಹೊಳೆ ಇದೆಯಲ್ಲಮ್ಮ’ ಅಂದರು.

ಹೊಸ ಹೆಸರಿನ ಮುಂದೆ ತಂದೆ ಅಬ್ರಹಾಮ, ತಾಯಿ ಸಾರಾ.
ರಾಗಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟಳು.
‘ಅದ್ಯಾವ ಸಾರಮ್ಮ ನಿಂಗೆ ಮೊಲೆ ಕೊಟ್ಟೋಳು?’
ಸುಮ್ಮನಿದ್ದೆ. ಏನಾದರೂ ಹೇಳಬೇಕಲ್ಲ,
‘ತೊಂಬತ್ತಕ್ಕೆ ಹೆತ್ತಳಂತೆ ಕಣವ್ವ’ ಅಂದೆ.
‘ಅಯ್ಯೋ ಶಿವನೆ, ಬಾಣಂತನ ಯಾರ್ ಮಾಡಿದ್ರೋ!’
ಮತ್ತೆ ಮೊರ ಎತ್ತಿಕೊಂಡಳು. ಎರಡು ದಿನ ಮಾತಿಲ್ಲ.

ಮೈಗೂ ನೀರಿಗೂ ನಡುವೆ ಏನೂ ಇರಬಾರದು.
ಬಳೆ ಬಂತು, ಓಲೆ ಬಂತು,
ಮೂಗುಬೊಟ್ಟು ಬರಲಿಲ್ಲ, ಒಂಬತ್ತನೆಯ ವಯಸ್ಸಿನ ತಿರುಪು.
ಅವ್ವನೇ ಎದ್ದು ಬಂದು ಹುಚ್ಚೆಳ್ಳೆಣ್ಣೆ ತೊಟ್ಟಿಕ್ಕಿ
ನನ್ನ ಮೂಗನ್ನು ದೀಪದ ಕಡೆ ಹೊರಳಿಸಿ
ಉಗುರಿನಲ್ಲಿ ಮೀಟಿದಳು, ಬೈಯುತ್ತ, ಉಸಿರು ಬಿಗಿಹಿಡಿದು.
ಎಣ್ಣೆಯೂ ಇರಬಾರದಲ್ಲ, ಸೀಗೆಪುಡಿ ಹಾಕಿ ತಿಕ್ಕಿದಳು,
ಕಣ್ಣಿಗೂ ಹೋಯಿತು.
ಬೊಟ್ಟು ಅವಳ ಸೆರಗಿನ ಗಂಟಿನಲ್ಲಿ.

ಶ್ರೀರಂಗಪಟ್ಟಣದ ಆಚೆ ಬೆಳಗಿನ ಹೊಳೆ.
ಕಟ್ಟೆಯಿಂದ ನೀರು ಬಿಟ್ಟಿದ್ದ ವಾರ, ಸೆಳೆತ ಜೋರು.
ಹಿರಿಯರು ಮೂವರು ಹೊಂಗೆಮರದಾಚೆ ಬೆನ್ನು ತಿರುಗಿಸಿ.
ಮಿಲ್ಕಾಬಾಯಿ ಒಂದು ಕಲ್ಲ ಮೇಲೆ, ಅವ್ವ ಇನ್ನೊಂದರ ಮೇಲೆ.
ಮುಳುಗಿದೆ. ಕೂದಲ ತುದಿಯೂ ಒಳಗೆ.
ಎದ್ದಾಗ ಕಿವಿ ತುಂಬ ನೀರು, ನೀರಿನಾಚೆ ಅವ್ವನ ದನಿ.
ಎಣ್ಣೆ ಅಳೆಯುವ ಮನೆಯಲ್ಲಿ ಮೊದಲ ಪಾವಿಗೆ
ಒಂದು ಅನ್ನುವ ರೂಢಿಯಿಲ್ಲ.
‘ಲಾಭ’ ಅಂದಳು.